ಕಂಪ್ಯೂಟರಿನ ಸೀರೆ, ಅಕ್ಕನ ಎಡಗೈ

ಅಕ್ಕನ ಎಡಗೈ ಭುಜದ ಮಟ್ಟಕ್ಕೆ ಏರುತ್ತಿರಲಿಲ್ಲ. ಅದನ್ನು ಮೊದಲು ಕಂಡವಳು ನಾನು. ಕಂಡು, ಸಿಟ್ಟು ಮಾಡಿಕೊಂಡು, ಕೊನೆಗೆ ಕಂಪ್ಯೂಟರಿನಲ್ಲಿ ಅದನ್ನು ಸರಿಮಾಡಿದವಳೂ ನಾನೇ. ಎದುರಿಗಿದ್ದ ಅಕ್ಕನನ್ನು ಬಿಟ್ಟು ಅವಳ ಗೊಂಬೆಯನ್ನು ಸರಿಮಾಡಿದೆ. ಇದನ್ನು ಯಾರಿಗಾದರೂ ಹೇಳಬೇಕೆಂದರೆ ಮೊದಲು ಆ ಗೊಂಬೆಯ ಕಂಪ್ಯೂಟರ್ ಆಟ ಎಂಥದ್ದು, ಮೆಶ್ ಎಂದರೇನು ಎಂದು ಪಾಠ ಮಾಡಬೇಕಾಗುತ್ತದೆ. ಪಾಠ ಮಾಡುವುದೇ ಆಗ ನನ್ನ ಕಸುಬಾಗಿತ್ತು. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಎರಡು ಸಾವಿರದ ಐದಾರರ ಸುಮಾರಿಗೆ ನಾನು ಮಣಿಪಾಲದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ಕಾಪುವಿನ ಮನೆಯಲ್ಲಿ ಇದ್ದವರು ಅಕ್ಕ ಮತ್ತು ನಾನು, ಇಬ್ಬರೇ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನಾನು ಆರನೆಯ ತರಗತಿಯಲ್ಲಿದ್ದೆ. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಅಂದಿನಿಂದ ನನಗೆ ಜಡೆ ಹಾಕಿದ್ದು, ಬೈದದ್ದು, ಶಾಲೆಗೆ ಅಟ್ಟಿದ್ದು ಎಲ್ಲ ಅಕ್ಕನೇ. ಅವಳು ಮದುವೆಯಾಗಲಿಲ್ಲ. ದಿನವಿಡೀ ಮನೆಯ ಮುಂದಿನ ಚಾವಡಿಯಲ್ಲಿ ಗೋಡೆಗೊರಗಿ ಕೂತು ಬೀಡಿ ಕಟ್ಟುತ್ತಿದ್ದಳು. ತೊಡೆಯ ಮೇಲೆ ತಡ್ಪೆ, ಅಂದರೆ ನಮ್ಮ ಕಡೆಯ ಮೊರ. ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಮೊಣಕೈಗಳೆರಡೂ ಪಕ್ಕೆಗೆ ಅಂಟಿಕೊಂಡಿರುತ್ತಿದ್ದವು, ಬೆರಳುಗಳು ಮಾತ್ರ ಓಡುತ್ತಿದ್ದವು. ಬೀಡಿ ಕಟ್ಟುವವರು ಕೈ ಮೇಲೆತ್ತಬೇಕಾದ ಪ್ರಸಂಗ ಬರುವುದೇ ಇಲ್ಲ.

ಕೇಂದ್ರದವರು ಹೊಸ ಯಂತ್ರಗಳನ್ನು ತಂದಾಗ ಹಳೆಯದೊಂದನ್ನು ನಾನು ಮನೆಗೆ ತಂದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಒಂದು ಆಟದ ಸಿಡಿ ಕೊಟ್ಟಳು. ಗುಂಡು ಹಾರಿಸುವ ಆಟವಲ್ಲ, ಸಂಸಾರದ ಆಟ. ಪರದೆಯ ಮೇಲೆ ಮನೆ ಕಟ್ಟಬೇಕು, ಅದರೊಳಗೆ ಗಂಡು ಹೆಣ್ಣುಗಳನ್ನು ತಂದಿಡಬೇಕು, ಅವರು ಅಡುಗೆ ಮಾಡಿ, ಉಂಡು, ಜಗಳವಾಡಿ, ನಿದ್ದೆ ಮಾಡುವುದನ್ನು ನೋಡುತ್ತಾ ಕೂರಬೇಕು. ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ನಾನು ಭಾನುವಾರದ ಮಧ್ಯಾಹ್ನ ಆಡಲು ಕೂತರೆ ಅಕ್ಕ ತಡ್ಪೆ ಎತ್ತಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಕೈ ಬೀಡಿಯ ಮೇಲೆ, ಕಣ್ಣು ಪರದೆಯ ಮೇಲೆ.

"ಎಂತ ಇದು, ಒಲೆ ಮೇಲೆ ಎಂತದೋ ಕರಟಿ ಹೋಗ್ತಾ ಉಂಟು, ಇವಳು ಕುಣೀತಾ ಇದ್ದಾಳೆ" ಎಂದು ಬೈಯುತ್ತಿದ್ದಳು. ನಮ್ಮ ಮನೆಮಾತು ತುಳು. ಅವಳ ಬೈಗಳ ಖಾರ ತುಳುವಿನಲ್ಲೇ ಹೆಚ್ಚು. ಕನ್ನಡದಲ್ಲಿ ಅರ್ಧ ಇಳಿದುಹೋಗುತ್ತದೆ. ಒಂದು ದಿನ ಕೇಳಿದಳು: "ಇವರಲ್ಲಿ ಯಾರೂ ಸೀರೆ ಉಡುದಿಲ್ವಾ ಮಾರಾಯ್ತಿ? ಒಬ್ಬಳಿಗಾದರೂ ಉಡಿಸು. ನೋಡ್ಲಿಕ್ಕೆ ಆಗುದಿಲ್ಲ ಇವರ ಅವತಾರ."

ಆ ಆಟದಲ್ಲಿ ಸೀರೆ ಇರಲಿಲ್ಲ. ಆದರೆ ಆಡುವವರೇ ಬಟ್ಟೆ ತಯಾರಿಸಿ ಸೇರಿಸಬಹುದಿತ್ತು. ಅಂಥವರದೇ ಒಂದು ದೊಡ್ಡ ಕೂಟ ಇಂಟರ್ನೆಟ್ಟಿನಲ್ಲಿತ್ತು. ನಾನು ಅಲ್ಲಿಗೆ ಹೋಗಿ ಸೇರಿದೆ. ಅಂಗಿ, ಲಂಗ, ಕೋಟು ಮಾಡಿದವರು ನೂರಾರು ಮಂದಿ ಇದ್ದರು. ಸೀರೆಗೆ ಕೈಹಾಕಿದವರು ನನಗೆ ಕಾಣಲಿಲ್ಲ. ಅಕ್ಕನ ಮಾತು ಒಂದು ನೆಪ. ನನಗೂ ಮೊದಲನೆಯವಳಾಗುವ ಚಪಲ ಹುಟ್ಟಿತು.

ಮೆಶ್ ಎಂದರೆ ಬಲೆ. ಮಲ್ಪೆಯಲ್ಲಿ ಗಂಟು ಹಾಕಿ ಬಲೆ ಹೆಣೆಯುವುದನ್ನು ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ನೂರಾರು ಚುಕ್ಕಿಗಳು, ಚುಕ್ಕಿಯಿಂದ ಚುಕ್ಕಿಗೆ ಗೆರೆಗಳು. ಆ ಬಲೆಯೇ ಬಟ್ಟೆಯ ಆಕಾರ. ಅದರ ಮೇಲೆ ಬಟ್ಟೆಯ ಬಣ್ಣದ ಚಿತ್ರವನ್ನು ಅಂಟಿಸುತ್ತಾರೆ. ಗೊಂಬೆಯ ಒಳಗೆ ಮೂಳೆಗಳಿರುತ್ತವೆ. ಪ್ರತಿಯೊಂದು ಚುಕ್ಕಿಯನ್ನೂ ಯಾವುದಾದರೂ ಮೂಳೆಗೆ ಕಟ್ಟಬೇಕು, ಇಷ್ಟು ಪಾಲು ಈ ಮೂಳೆಗೆ, ಇಷ್ಟು ಪಾಲು ಆ ಮೂಳೆಗೆ ಎಂದು ಹಂಚಬೇಕು. ಗೊಂಬೆ ಕೈ ಎತ್ತಿದಾಗ ಕೈಮೂಳೆಗೆ ಕಟ್ಟಿದ ಚುಕ್ಕಿಗಳು ಮೇಲೇಳುತ್ತವೆ, ಬಟ್ಟೆಯೂ ಏಳುತ್ತದೆ.

ನನ್ನ ಮೊದಲ ಸೀರೆ ಭಯಾನಕವಾಗಿತ್ತು. ಸೆರಗಿನ ತುದಿಯ ನಾಲ್ಕು ಚುಕ್ಕಿಗಳನ್ನು ಯಾವ ಮೂಳೆಗೂ ಕಟ್ಟದೆ ಮರೆತಿದ್ದೆ. ಗೊಂಬೆ ಅಡುಗೆಮನೆಗೆ ನಡೆದಳು, ಸೆರಗಿನ ತುದಿ ಬಾಗಿಲಲ್ಲೇ ಉಳಿಯಿತು, ನಡುವೆ ಬಟ್ಟೆ ಈಟಿಯ ಹಾಗೆ ಚೂಪಾಗಿ ಎಳೆದುಕೊಂಡಿತು. ಅಕ್ಕ ಬೀಡಿ ಎಲೆ ಚೆಲ್ಲುವಷ್ಟು ನಕ್ಕಳು. ಎರಡನೆಯದರಲ್ಲಿ ಗೊಂಬೆ ಕುರ್ಚಿಯಲ್ಲಿ ಕೂತೊಡನೆ ತೊಡೆಗಳು ನೆರಿಗೆಯನ್ನು ಸೀಳಿ ಹೊರಬಂದವು. ಮೂರನೆಯದರಲ್ಲಿ ಕುತ್ತಿಗೆ ಮತ್ತು ರವಕೆಯ ನಡುವೆ ಬಿರುಕು. ಅದರೊಳಗಿಂದ ಹಿಂದಿನ ಗೋಡೆ ಕಾಣುತ್ತಿತ್ತು. ನನಗೆ ಮೂಗಿನ ತುದಿಯಲ್ಲಿ ಕೋಪ. ಆದರೆ ಇಂಥ ಕೆಲಸದಲ್ಲಿ ಮಾತ್ರ ಎಲ್ಲಿಂದಲೋ ತಾಳ್ಮೆ ಬರುತ್ತಿತ್ತು. ಒಂದೊಂದೇ ಚುಕ್ಕಿಯನ್ನು ಹಿಡಿದು, ಕೂದಲೆಳೆಯಷ್ಟು ಸರಿಸಿ, ಆಟ ತೆರೆದು ನೋಡಿ, ಮತ್ತೆ ಮುಚ್ಚಿ ಸರಿಸುತ್ತಿದ್ದೆ. ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲಿ ನಾನು ಗಟ್ಟಿಗಿತ್ತಿ ಎಂಬ ಜಂಬ ಆಗಲೇ ಬಂದಿತ್ತು.

ಕೊನೆಗೆ ಅರ್ಥವಾಯಿತು, ನೆನಪಿನಿಂದ ಸೀರೆ ಮಾಡಲು ಆಗುವುದಿಲ್ಲ, ಉಟ್ಟವರ ಫೋಟೋ ಎದುರಿಗಿರಬೇಕು. ಮುಂದಿನಿಂದ, ಹಿಂದಿನಿಂದ, ಎರಡೂ ಬದಿಗಳಿಂದ. ಮೆಶ್‌ನ ಗೊಂಬೆ ಎರಡೂ ಕೈಗಳನ್ನು ಬದಿಗೆ ಚಾಚಿ ನಿಂತಿರುತ್ತದೆ. ಫೋಟೋದಲ್ಲೂ ಹಾಗೆಯೇ ನಿಲ್ಲಬೇಕು. ಕೃಷ್ಣಾಷ್ಟಮಿ ಕಳೆದ ಭಾನುವಾರ ಕೇಂದ್ರದ ಡಿಜಿಟಲ್ ಕ್ಯಾಮರಾ ಕೇಳಿ ತಂದು, ಅಕ್ಕನನ್ನು ಅಂಗಳಕ್ಕೆ ಎಳೆದೆ. ಅವಳು ಆ ದಿನಗಳಲ್ಲಿ ಸೆರಗನ್ನು ಅಗಲವಾಗಿ ಬಿಟ್ಟು, ಎಡಗೈಯ ಮೇಲೆ ಹರಡಿಕೊಳ್ಳುತ್ತಿದ್ದಳು. ಅದಾಗದು, ರವಕೆಯ ಬದಿ ಕಾಣಬೇಕು ಎಂದು ನಾನೇ ಸೆರಗನ್ನು ಸಣ್ಣಗೆ ಮಡಿಸಿ ಭುಜಕ್ಕೆ ಪಿನ್ನು ಚುಚ್ಚಿದೆ.

"ಕೈ ಚಾಚು" ಎಂದೆ. ಬಲಗೈ ನೇರವಾಗಿ ನಿಂತಿತು. ಎಡಗೈ ಅರ್ಧಕ್ಕೆ ಬಂದು ನಿಂತಿತು.

"ಎರಡೂ ಸಮ ಬರಬೇಕು ಅಕ್ಕ."

"ಇಷ್ಟೇ ಬರುದು."

"ಸರಿಯಾಗಿ ಎತ್ತು ಅಂದ್ರೆ ಎತ್ತು. ಬಿಸಿಲು ಹೋಗ್ತದೆ."

"ಬೀಡಿ ಕಟ್ಟಿ ಕಟ್ಟಿ ಭುಜ ಹಿಡಿದಿದೆ ಮಾರಾಯ್ತಿ. ನಿನಗೆ ಬೇಕಾದ್ರೆ ನೀನೇ ಬಂದು ನಿಲ್ಲು." ಹಾಗೆಂದರೂ ಅವಳು ಹಲ್ಲು ಕಚ್ಚಿ ಇನ್ನೊಂದು ಗೇಣು ಎತ್ತಿದಳು. ಹಣೆಯಲ್ಲಿ ಬೆವರು ಮೂಡಿತು. ನಾನು ಎಂಟು ಫೋಟೋ ತೆಗೆದೆ. ಅವಳಿಗೆ ನೋವಾಗುತ್ತಿದೆ ಎಂದು ನನಗೆ ಗೊತ್ತಾಗಿತ್ತು. ಬೀಡಿ ಕಟ್ಟುವ ಹೆಂಗಸರಲ್ಲಿ ಭುಜ ನೋವು ಇಲ್ಲದವರು ನಮ್ಮ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಆದ್ದರಿಂದ ಅದು ನೋವಿನ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಫೋಟೋ ಇಟ್ಟುಕೊಂಡು ಮಾಡಿದ ಸೀರೆ ಚೆನ್ನಾಗಿ ಬಂತು. ನೆರಿಗೆ ಕೂತಿತು, ಸೆರಗು ಬಿತ್ತು, ಬಿರುಕು ಮುಚ್ಚಿತು. ಒಂದೇ ಒಂದು ದೋಷ ಉಳಿಯಿತು. ಗೊಂಬೆ ಎಡಗೈ ಎತ್ತಿದಾಗ ಕಂಕುಳಿನಲ್ಲಿ ಬಟ್ಟೆ ಹರಿಯುತ್ತಿತ್ತು. ಬಲಗಡೆ ಏನೂ ಆಗುತ್ತಿರಲಿಲ್ಲ. ಎಡಗಡೆಯ ಚುಕ್ಕಿಗಳನ್ನೆಲ್ಲ ಮತ್ತೆ ಮತ್ತೆ ಕಟ್ಟಿದೆ, ಪಾಲು ಬದಲಿಸಿದೆ, ಹರಿಯುವುದು ನಿಲ್ಲಲಿಲ್ಲ. ಒಂದು ವಾರ ತಲೆ ಕೆಡಿಸಿಕೊಂಡು, ಕೂಟದ ಸಹಾಯದ ಪುಟದಲ್ಲಿ ಪ್ರಶ್ನೆ ಹಾಕಿದೆ. ಮೆಶ್‌ನ ಚಿತ್ರದ ಜೊತೆಗೆ, ನಾನು ಯಾವುದನ್ನು ನೋಡಿ ಮಾಡಿದೆ ಎಂದು ತೋರಿಸಲು, ಅಕ್ಕನ ಎರಡು ಫೋಟೋಗಳನ್ನೂ ಹಾಕಿದೆ. ಮುಖ ಕಾಣದಂತೆ ಕುತ್ತಿಗೆಯಿಂದ ಮೇಲೆ ಕತ್ತರಿಸಿದ್ದೆ. ಅಕ್ಕನನ್ನು ಕೇಳಲಿಲ್ಲ. ಕೇಳಿದ್ದರೆ ಅವಳು ಒಪ್ಪುತ್ತಿರಲಿಲ್ಲ.

ಮರುದಿನ ಕೇಂದ್ರದಲ್ಲಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಪುಟ ತೆರೆದೆ. ಒಂದೇ ಉತ್ತರ ಬಂದಿತ್ತು. ಬರೆದವಳು ಯಾವುದೋ ದೂರದ ದೇಶದವಳು. ಇಂಗ್ಲಿಷು ಸರಳವಾಗಿತ್ತು, ಅರ್ಥವಾಗದ ಒಂದು ಪದವೂ ಇರಲಿಲ್ಲ. ನಿಮ್ಮ ಮೆಶ್‌ನಲ್ಲಿ ತಪ್ಪಿಲ್ಲ, ನೀವು ಫೋಟೋದಲ್ಲಿ ಇರುವಂತೆಯೇ ಮಾಡಿದ್ದೀರಿ ಎಂದಿದ್ದಳು. ಆ ಹೆಂಗಸಿನ ಎಡ ಕಂಕುಳು ಬಲದ ಹಾಗಿಲ್ಲ, ಊದಿಕೊಂಡಿದೆ, ಎಡಗೈ ಕೂಡ ದಪ್ಪವಾಗಿದೆ ಎಂದಿದ್ದಳು. ತಾನು ಆಸ್ಪತ್ರೆಯಲ್ಲಿ ದಾದಿ, ಇಂಥದ್ದನ್ನು ನೋಡಿದ್ದೇನೆ, ದಯವಿಟ್ಟು ಅವರನ್ನು ಈ ವಾರವೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ ಎಂದು ಮುಗಿಸಿದ್ದಳು.

ನನಗೆ ಮೈಯೆಲ್ಲ ಉರಿಯಿತು. ಹೆದರಿಕೆಯಿಂದಲ್ಲ, ಅವಮಾನದಿಂದ. ನಾನು ಕೇಳಿದ್ದು ಮೆಶ್‌ನ ಬಗ್ಗೆ. ಇವಳು ನನ್ನ ಅಕ್ಕನ ಮೈಯನ್ನು ಅಷ್ಟು ಹತ್ತಿರದಿಂದ ನೋಡಿದ್ದಾಳೆ ಎನಿಸಿತು. ಇವಳು ನೋಡಿದರೆ ಇನ್ನೆಷ್ಟು ಮಂದಿ ನೋಡಿರಬಹುದು? ಅದೇ ತಿಂಗಳು ನಾನು ಹುಡುಗಿಯರಿಗೆ ಇಂಟರ್ನೆಟ್ಟಿನ ಪಾಠ ಮಾಡುತ್ತಾ, ಮನೆಯವರ ಫೋಟೋ ಎಲ್ಲೂ ಹಾಕಬೇಡಿ ಎಂದು ಬೋರ್ಡಿನ ಮೇಲೆ ಬರೆದಿದ್ದೆ. ಕೂಡಲೇ ಪ್ರಶ್ನೆಯನ್ನೂ ಫೋಟೋಗಳನ್ನೂ ಅಳಿಸಿದೆ. ಉತ್ತರವೂ ಅದರೊಂದಿಗೆ ಹೋಯಿತು.

ಮನೆಗೆ ಹೋಗಿ ಹೇಳಬೇಕಿತ್ತು. ಬಸ್ಸಿನಲ್ಲಿ ಹೇಳುವ ಮಾತು ಹೊಂದಿಸಿಕೊಂಡೆ. ಆದರೆ ಎಲ್ಲಿಂದ ಶುರು ಮಾಡಿದರೂ, ಯಾರು ಹೇಳಿದ್ದು, ಅವಳು ನನ್ನನ್ನು ಎಲ್ಲಿ ನೋಡಿದಳು ಎಂಬ ಅಕ್ಕನ ಪ್ರಶ್ನೆಗೇ ಬಂದು ನಿಲ್ಲುತ್ತಿತ್ತು. ನನ್ನ ಫೋಟೋವನ್ನು ಊರ ಮೇಲೆ ಬಿಟ್ಟೆಯಾ ಎಂದು ಅಕ್ಕ ಕೇಳುವುದು ಕಿವಿಯಲ್ಲೇ ಕೇಳಿಸಿತು. ಬೀಡಿ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಡಲು ಹೋಗುವ ಹೆಂಗಸರ ಬಾಯಿಗೆ ಇದು ಬಿದ್ದರೆ ಎಂದೂ ಯೋಚಿಸಿದೆ. ಅಂಗಳಕ್ಕೆ ಕಾಲಿಟ್ಟಾಗ ಅಕ್ಕ ಎಂದಿನಂತೆ ಕೂತು ನೂಲು ಸುತ್ತುತ್ತಿದ್ದಳು. "ಚಾ ಉಂಟು, ಬಿಸಿ ಮಾಡಿ ಕುಡಿ" ಎಂದಳು. ಕುಡಿದೆ. ಹೇಳಲಿಲ್ಲ.

ಆ ವಾರವೇ ಮೆಶ್ ಸರಿಯಾಯಿತು. ಉಪಾಯ ಸುಲಭದ್ದು. ರವಕೆಯ ಎಡ ಅರ್ಧವನ್ನು ಪೂರ್ತಿ ಅಳಿಸಿದೆ. ಬಲ ಅರ್ಧದ ಪ್ರತಿ ತೆಗೆದು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಎಡಕ್ಕೆ ಜೋಡಿಸಿದೆ. ತಿರುಗಿಸಿದ ಚುಕ್ಕಿಗಳು ಬಲಗೈಯ ಮೂಳೆಗೇ ಕಟ್ಟಿಕೊಂಡಿದ್ದರಿಂದ ಮೊದಲು ಬಲಗೈ ಎತ್ತಿದರೆ ಎಡ ತೋಳೂ ಏಳುತ್ತಿತ್ತು. ಅವನ್ನೆಲ್ಲ ಬಿಚ್ಚಿ ಎಡಗೈಗೆ ಕಟ್ಟಿದೆ. ಗೊಂಬೆ ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿ ಮೈಮುರಿದಳು. ಒಂದು ಎಳೆಯೂ ಹರಿಯಲಿಲ್ಲ. ಅಕ್ಕನನ್ನು ಕರೆದು ತೋರಿಸಿದೆ. "ಈಗ ಹೆಂಗಸಿನ ಹಾಗೆ ಕಾಣ್ತಾಳೆ" ಎಂದು ಅಕ್ಕ ಮೆಚ್ಚಿಕೊಂಡಳು. ಕೂಟದಲ್ಲಿ ಹಾಕಿದೆ, ಹೊಗಳಿಕೆ ಬಂತು. ನಾಚಿಕೆಗೇಡಿನ ಮಾತು, ನನಗೆ ಬಹಳ ಖುಷಿಯಾಯಿತು.

ಆಮೇಲೆ ಐದು ತಿಂಗಳು ಕಳೆದವು. ಅಕ್ಕ ಬಟ್ಟೆ ಒಣಗಿಸುವ ಕೆಲಸವನ್ನು ನನಗೆ ಬಿಟ್ಟಳು. ಅಟ್ಟದಿಂದ ಪಾತ್ರೆ ಇಳಿಸಲು ನನ್ನನ್ನು ಕರೆದಳು. ಭುಜಕ್ಕೆ ನೋವಿನ ಎಣ್ಣೆ ತಂದುಕೊಟ್ಟೆ, ಸಂಜೆ ನಾನೇ ತಿಕ್ಕುತ್ತಿದ್ದೆ. ಅವಳು ತೋಳನ್ನು ಪಕ್ಕೆಗೆ ಒತ್ತಿಹಿಡಿದೇ ಕೂರುತ್ತಿದ್ದಳು. ನನ್ನ ಕೈ ಭುಜದಿಂದ ಬೆನ್ನಿಗೆ ಹೋಗುತ್ತಿತ್ತು, ಬೆನ್ನಿನಿಂದ ಭುಜಕ್ಕೆ ಬರುತ್ತಿತ್ತು, ಕಂಕುಳಿನ ಕಡೆಗೆ ಇಳಿಯುತ್ತಿರಲಿಲ್ಲ. ಅವಳ ಸಂಕೋಚ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಅಲ್ಲಿ ಏನಾದರೂ ಕೈಗೆ ಸಿಕ್ಕಿಬಿಟ್ಟರೆ ಎಂಬ ಹೆದರಿಕೆ. ಸಿಕ್ಕಿದರೆ ನಾನು ಹೇಳಲೇಬೇಕಾಗುತ್ತಿತ್ತು.

ಕಾರ್ಕಳದ ದೊಡ್ಡಮ್ಮನ ಮೊಮ್ಮಗಳ ಮದುವೆಗೆ ಹೋದಾಗ ಅದು ಬಯಲಾಯಿತು. ಹೆಂಗಸರೆಲ್ಲ ಒಂದೇ ಕೋಣೆಯಲ್ಲಿ ಸೀರೆ ಬದಲಿಸುತ್ತಿದ್ದರು. ರವಕೆಯ ತೋಳು ಅಕ್ಕನ ಕೈಗೆ ಏರಲಿಲ್ಲ. ದೊಡ್ಡಮ್ಮ ಸಹಾಯಕ್ಕೆ ಹೋದರು, ಕೈ ಹಿಡಿದರು, ಕಂಕುಳು ಬೆರಳಿಗೆ ತಾಗಿದ್ದೇ ಹಾಗೇ ನಿಂತರು.

"ಇದೆಂತ ಗಡ್ಡೆ?"

"ಉಷ್ಣಕ್ಕೆ ಬಂದದ್ದು ದೊಡ್ಡಮ್ಮ. ಗಂಧ ಹಚ್ಚಿದ್ದೇನೆ."

"ಉಷ್ಣಕ್ಕೆ ಹೀಗೆ ಕಲ್ಲಿನ ಹಾಗೆ ಆಗ್ತದಾ?" ದೊಡ್ಡಮ್ಮ ತಿರುಗಿ ನನ್ನನ್ನು ನೋಡಿದರು. "ಒಂದೇ ಮನೆಯಲ್ಲಿ ಇದ್ದೀಯಲ್ಲ, ನಿನಗೆ ಕಣ್ಣಿಲ್ವಾ?"

ಮದುವೆಯ ಮಾರನೆಯ ದಿನ ಮಣಿಪಾಲದ ಆಸ್ಪತ್ರೆಗೆ ಹೋದೆವು. ವೈದ್ಯರು ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು ಬಂದು ಕೂತು, ಎಷ್ಟು ಸಮಯದಿಂದ ಕೈ ಎತ್ತಲು ಆಗುತ್ತಿಲ್ಲ ಎಂದು ಕೇಳಿದರು. "ಒಂದೂವರೆ ತಿಂಗಳಾಯಿತೇನೋ" ಎಂದಳು ಅಕ್ಕ. ಅವರು ನನ್ನ ಕಡೆ ತಿರುಗಿ, ನೀವು ಗಮನಿಸಿದ್ದಿರಾ ಎಂದರು. ಎಂಟು ಫೋಟೋಗಳು ಮನೆಯ ಕಂಪ್ಯೂಟರಿನಲ್ಲಿದ್ದವು, ಪ್ರತಿಯೊಂದರ ಮೂಲೆಯಲ್ಲೂ ತೆಗೆದ ದಿನ ಅಚ್ಚಾಗಿತ್ತು. "ಇಲ್ಲ" ಎಂದೆ.

ಕ್ಯಾನ್ಸರ್ ಎದೆಯಿಂದ ಕಂಕುಳಿಗೆ, ಅಲ್ಲಿಂದ ಮುಂದಕ್ಕೂ ಹೋಗಿತ್ತು. ಮೊದಲು ಬಂದಿದ್ದರೆ ಎಂದು ಯಾವ ವೈದ್ಯರೂ ನಮ್ಮೆದುರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎದೆ ತೆಗೆದರು, ಮದ್ದು ಏರಿಸಿದರು, ಕೂದಲು ಉದುರಿತು. ನಾನು ಕೆಲಸದ ನಡುವೆ ವಾರ್ಡಿಗೆ ಹೋಗಿ ಗಂಜಿ ಕುಡಿಸಿ ಬರುತ್ತಿದ್ದೆ. ಸುತ್ತಲಿನವರು, ಇಂಥ ತಂಗಿ ಸಿಗಲು ಪುಣ್ಯ ಮಾಡಿರಬೇಕು ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಗಂಜಿಯ ಪಾತ್ರೆ ತೊಳೆಯುವ ನೆಪದಲ್ಲಿ ಹೊರಗೆ ಹೋಗುತ್ತಿದ್ದೆ. ಕೊನೆಗೆ ತಡೆಯಲಾಗಲಿಲ್ಲ. ಅಕ್ಕನನ್ನು ಮನೆಗೆ ಕರೆತಂದ ಮೇಲೆ, ಒಂದು ಮಧ್ಯಾಹ್ನ ಚಾವಡಿಯಲ್ಲಿ ಎಲ್ಲವನ್ನೂ ಹೇಳಿದೆ. ಫೋಟೋ ಹಾಕಿದ್ದು, ಆ ದಾದಿ ಬರೆದದ್ದು, ನಾನು ಅಳಿಸಿದ್ದು, ಎಡ ಅರ್ಧವನ್ನು ತೆಗೆದು ಬಲವನ್ನು ತಿರುಗಿಸಿ ಕೂರಿಸಿದ್ದು.

ಹೇಳಿದರೆ ಅಕ್ಕ ಅಳಬಹುದು, ಆಮೇಲೆ ನನ್ನ ತಲೆ ಸವರಬಹುದು ಎಂದು ಒಳಗೊಳಗೇ ಆಸೆ ಇತ್ತು. ಅಷ್ಟು ಸ್ವಾರ್ಥಿ ನಾನು. ಅವಳು ಅಳಲಿಲ್ಲ.

"ಯಾವಾಗ ಅದು?" ಎಂದಳು.

"ಅಷ್ಟಮಿ ಕಳೆದ ಮೇಲೆ."

ಬಲಗೈಯ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಸರಿಸುತ್ತಾ, ಆಸ್ಪತ್ರೆಗೆ ಹೋದ ದಿನದವರೆಗೆ ತಿಂಗಳು ಎಣಿಸಿದಳು. ಐದನೆಯದರಲ್ಲಿ ಬೆರಳು ನಿಂತಿತು.

"ಫೋಟೋ ಹಾಕಿದ್ದಕ್ಕೆ ನಾನು ಬೈತಿದ್ದೆ" ಎಂದಳು. "ಸರಿಯಾಗಿ ಬೈತಿದ್ದೆ. ಎರಡು ಬಾರಿಸ್ತಿದ್ದೆ ಕೂಡ. ಆಮೇಲೆ ಸೀರೆ ಬದಲಿಸಿ ಆಸ್ಪತ್ರೆಗೆ ಹೋಗ್ತಿದ್ದೆ. ಅಷ್ಟೇ ಅಲ್ವಾ ಆಗ್ತಿದ್ದದ್ದು? ಒಂದು ಬೈಗಳು ತಪ್ಪಿಸ್ಲಿಕ್ಕೆ ಹೀಗೆ ಮಾಡಿದೆಯಾ ನೀನು?"

ನಾನು ಅವಳ ಕಾಲು ಹಿಡಿದೆ. ಅವಳು ಕಾಲು ಎಳೆದುಕೊಂಡಳು. ಹನ್ನೊಂದು ದಿನ ನನ್ನೊಡನೆ ಮಾತಾಡಲಿಲ್ಲ. ನಾನು ಕೊಟ್ಟ ಗಂಜಿ ಕುಡಿಯುತ್ತಿದ್ದಳು, ಮದ್ದು ನುಂಗುತ್ತಿದ್ದಳು, ನನ್ನ ಮುಖ ನೋಡುತ್ತಿರಲಿಲ್ಲ. ಹನ್ನೆರಡನೆಯ ದಿನ, "ಬಚ್ಚಲಿಗೆ ನೀರು ಇಡು" ಎಂದಳು. ಅಲ್ಲಿಂದ ಮಾತು ಮತ್ತೆ ನಡೆಯಿತು: ನೀರು, ಮದ್ದು, ಬಸ್ಸಿನ ಹೊತ್ತು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಕಂಪ್ಯೂಟರಿನ ಮೇಲೆ ಬಟ್ಟೆ ಹೊದೆಸಿ ಮೂಲೆಗೆ ಸರಿಸಿದೆ. ಅದರ ಸುದ್ದಿಯನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಅಕ್ಕ ಇನ್ನೊಂದು ವರ್ಷ ಎಂಟು ತಿಂಗಳು ಬದುಕಿದಳು. ಎಡಗೈ ಮಾತ್ರ ಊದುತ್ತಲೇ ಹೋಯಿತು. ಬೆರಳುಗಳು ಉಬ್ಬಿ ಬೀಡಿ ಎಲೆ ಹಿಡಿಯಲಾಗದೆ ತಡ್ಪೆಯನ್ನು ಪಕ್ಕದ ಮನೆಯವರಿಗೆ ಕೊಟ್ಟಳು. ಕೊನೆಯ ತಿಂಗಳುಗಳಲ್ಲಿ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡೇ ಮಲಗುತ್ತಿದ್ದಳು. ರಾತ್ರಿ ಹಗಲು ಎನ್ನದೆ ನೋವು. "ಇದನ್ನು ಕಡಿದು ಬಿಸಾಡಿದ್ರೆ ಆಗ್ತಿತ್ತು" ಎಂದು ಒಮ್ಮೆ ಹೇಳಿದಳು. ನಾನು ಕೈಯ ಕೆಳಗಿನ ದಿಂಬನ್ನು ಸರಿಮಾಡಿದೆ.

ಅವಳು ಹೋದದ್ದು ಬೆಳಗಿನ ಹೊತ್ತು. ಕಾರ್ಕಳದಿಂದ ದೊಡ್ಡಮ್ಮ ಬಂದರು, ಓಣಿಯ ಹೆಂಗಸರು ಬಂದರು. ಮೀಯಿಸಿದೆವು. ಹೊಸ ಸೀರೆಯ ಜೊತೆ ಒಂದು ರವಕೆ ತೆಗೆದಿಟ್ಟಿದ್ದೆ, ಅವಳಲ್ಲಿದ್ದುದರಲ್ಲಿ ಎಲ್ಲಕ್ಕಿಂತ ಸಡಿಲದ್ದು. ಬಲ ತೋಳು ಸುಲಭವಾಗಿ ಏರಿತು. ಎಡ ತೋಳು ಮುಂಗೈಯಿಂದ ಮೇಲೆ ಹೋಗಲಿಲ್ಲ. ಇಬ್ಬರು ಹಿಡಿದು ಎಳೆದರೂ ಹೋಗಲಿಲ್ಲ.

"ಎಳೀಬೇಡಿ ಸಾಕು. ಮಗಾ, ಕತ್ತರಿ ತಾ" ಎಂದರು ದೊಡ್ಡಮ್ಮ.

ಕತ್ತರಿ ತಂದೆ. ತೋಳಿನ ಅಂಚಿನಿಂದ ಹೊಲಿಗೆಯನ್ನು ಕತ್ತರಿಸುತ್ತಾ ಹೋದೆ, ಕಂಕುಳಿನವರೆಗೆ, ಅಲ್ಲಿಂದ ಕೆಳಗೆ ಸೊಂಟದವರೆಗೆ. ಬಟ್ಟೆ ಬಿಚ್ಚಿಕೊಂಡಿತು. ಆ ಕೈಯನ್ನೂ ಆ ಬದಿಯನ್ನೂ ನಾನು ಹಗಲ ಬೆಳಕಿನಲ್ಲಿ, ಕಣ್ಣು ತಪ್ಪಿಸದೆ, ಪೂರ್ತಿಯಾಗಿ ನೋಡಿದ್ದು ಆಗಲೇ. ಕತ್ತರಿಸಿದ ರವಕೆಯನ್ನು ಅದರ ಮೇಲೆ ಹರಡಿ, ಅಂಚುಗಳನ್ನು ಕೆಳಗೆ ಸಿಕ್ಕಿಸಿದೆ.

ಹೊರಗೆ ಗಂಡಸರು ಹೊತ್ತಾಯಿತು ಎಂದು ಕರೆಯುತ್ತಿದ್ದರು. ಹೆಂಗಸರಲ್ಲಿ ಯಾರೋ, "ಸೆರಗು ಅಗಲ ಮಾಡಿ ಹೊದೆಸು, ಯಾರಿಗೂ ಕಾಣುದಿಲ್ಲ" ಎಂದರು.

ನಾನು ಸೆರಗನ್ನು ಅಗಲ ಮಾಡಿ, ಎಡಗೈ ಪೂರ್ತಿ ಮುಚ್ಚುವಂತೆ ಹೊದೆಸಿದೆ. ಯಾರಿಗೂ ಕಾಣಲಿಲ್ಲ.